ಗುಡ್ಡಪ್ಪನು ಜೇಕಿನ ಮೇಲೆ ದಂಡೆತ್ತಿ ಹೋದದ್ದು

ಕೃತಯುಗದಲ್ಲಿ ದೇವತೆಗಳು ಅಸುರರನ್ನು ಕೊಂದರು. ತ್ರೇತೆಯಲ್ಲಿ ರಾಜರು ರಾಕ್ಷಸರನ್ನು ಕೊಂದರು. ದ್ವಾಪರದಲ್ಲಿ ದಾಯಾದಿಗಳು ದಾಯಾದಿಗಳನ್ನೇ ಕೊಂದು ಕೈತೊಳೆದುಕೊಂಡರು. ಹೀಗೆ ಕೊಲ್ಲತಕ್ಕವರೆಲ್ಲ ಕೊಂದು, ಸಾಯತಕ್ಕವರೆಲ್ಲ ಸತ್ತು, ಕಲಿಯುಗದ ವೀರರ ಪಾಲಿಗೆ ಉಳಿದದ್ದು ಹುಲ್ಲೊಂದೇ. ಆದಕಾರಣ, ಎಲೌ ವಾಗ್ದೇವಿಯೇ, ವೀಣೆಯನ್ನು ತುಸು ಬದಿಗಿಟ್ಟು, ಮೂಗಿಗೆ ಸೆರಗು ಅಡ್ಡ ಹಿಡಿದುಕೊಂಡು ನನ್ನ ನಾಲಗೆಯ ಮೇಲೆ ಬಂದು ನಿಲ್ಲು. ಈ ಕಥೆಗೆ ವಾಸನೆ ಸ್ವಲ್ಪ ಕಟು. ಬ್ಯಾಡಗಿ ಸೀಮೆಯ ಅರಳೀಕೊಪ್ಪವೆಂಬ ಮಹಾಗ್ರಾಮದಲ್ಲಿ, ಆರಿದ್ರಾ ಮಳೆಯ ಶುಭಕಾಲದಲ್ಲಿ, ಎರಡೆಕರೆ ಭೂಮಂಡಲಾಧೀಶ್ವರನೂ, ಜೇಕುಕುಲಕಾಲಾಂತಕನೂ, ಕರಿಕೆಗರ್ವಭಂಜನನೂ, ಪೃಷ್ಠಭಾಗಸ್ಥಾಪಿತಪಂಪುಧಾರಿಯೂ, ಹೆಂಡತಿಯ ಮೌನವೊಂದನ್ನು ಬಿಟ್ಟು ಮೂರು ಲೋಕದಲ್ಲಿ ಯಾವುದಕ್ಕೂ ಅಂಜದವನೂ ಆದ ಗುಡ್ಡಪ್ಪನು ನಡೆಸಿದ ಘೋರ ಸಮರವನ್ನು ನನ್ನಿಂದ ಹೇಳಿಸು. ತಪ್ಪಿದ್ದರೆ ತಿದ್ದಬೇಡ. ವೀರಗಾಥೆಗಳಲ್ಲಿ ತಪ್ಪು ತಿದ್ದುವ ಪದ್ಧತಿ ಇಲ್ಲ.

ಮಹಾಯುದ್ಧಗಳಿಗೆಲ್ಲ ಹೆಣ್ಣೇ ಕಾರಣವೆಂದು ಗಂಡಸರು ಬರೆದಿಟ್ಟಿದ್ದಾರೆ. ಇಲ್ಲಿಯೂ ಹಾಗೆಯೇ ಬರೆಯಬಹುದು. ಆದರೆ ಕಾರಣ ಗುಡ್ಡಪ್ಪನ ಬಾಯಿ. ಅರಳೀಕೊಪ್ಪದಲ್ಲಿ ಹೊಲದ ಕಸ ತೆಗೆಯುವುದು ಮುಯ್ಯಿಯ ಮೇಲೆ ನಡೆಯುತ್ತದೆ. ಇವತ್ತು ನಾನು ನಿನ್ನ ಹೊಲದಲ್ಲಿ ಕೂತು ಕಳೆ ಕಿತ್ತರೆ ನಾಳೆ ನೀನು ನನ್ನ ಹೊಲದಲ್ಲಿ ಕೂರಬೇಕು. ಆಳಿಗೆ ಆಳು, ದಿನಕ್ಕೆ ದಿನ. ಈ ಸ್ತ್ರೀಸೇನೆಯ ದಂಡನಾಯಕಿ ದುರಗವ್ವ, ಕೂದಲು ಹಣ್ಣಾದರೂ ಕಳೆ ತೆಗೆಯುವ ಕುರ್ಪಿಯ ಹರಿತ ಕಳೆಯದವಳು. ಗುಡ್ಡಪ್ಪನ ಹೆಂಡತಿ ಕರಬಸವ್ವನೂ ಅದೇ ಸೇನೆಯ ಆಳು. ಅವಳು ಊರವರ ಹೊಲಗಳಲ್ಲಿ ದುಡಿದು ಗಳಿಸಿದ ಮುಯ್ಯಿಗಾಗಿ ಆ ದಿನ ಎಲ್ಲರೂ ಗುಡ್ಡಪ್ಪನ ಹೊಲಕ್ಕೆ ಬಂದಿದ್ದರು. ಸಾಲು ಹಿಡಿದು ಕೂತಿದ್ದರು. ಮಾತು ಅದರ ಪಾಡಿಗೆ, ಕೈ ಅದರ ಪಾಡಿಗೆ ನಡೆದಿತ್ತು. ಅಷ್ಟರಲ್ಲಿ ಬದುವಿನ ಮೇಲೆ, ಮಾಡಲು ಬೇರೇನೂ ಕೆಲಸವಿಲ್ಲದ ಎಲ್ಲ ಯಜಮಾನರಂತೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ ನಮ್ಮ ವೀರನು ಗರ್ಜಿಸಿದನು:

"ನೀವೇನು ಕಸ ತಗಿಯಾಕ ಬಂದೀರೋ, ಹರಟಿ ಬಿತ್ತಾಕ ಬಂದೀರೋ?"

ಕುರ್ಪಿಗಳು ನಿಂತವು. ದುರಗವ್ವ ಎದ್ದಳು, ಸೀರೆಯ ಮಣ್ಣು ಕೊಡವಿದಳು.

"ಏಳ್ರವಾ. ಈ ತಮ್ಮಗ ನಮ್ಮ ಮಾತಿನ್ಯಾಗ ಕಸ ಕಂಡೈತಿ. ಅವನಽ ತಕ್ಕೊಳ್ಳಲಿ."

ಸಾಲು ಅರ್ಧಕ್ಕೇ ಬಿಟ್ಟು ಸೇನೆ ಹೊರಟಿತು. ಎಲ್ಲರಿಗಿಂತ ಹಿಂದೆ ಕರಬಸವ್ವನೂ ಹೊರಟಳು.

"ನೀ ಎಲ್ಲಿಗೆ?" ಎಂದನು ಗುಡ್ಡಪ್ಪ.

"ಇದು ನಿಮ್ಮ ಹೊಲ ರೀ. ಅವರು ನನ್ನ ಮಂದಿ" ಎಂದಳು. ಅಲ್ಲಿಂದಾಚೆಗೆ ಮನೆಯಲ್ಲಿ ರೊಟ್ಟಿ ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಮಾತು ಮಾತ್ರ ಬರುತ್ತಿರಲಿಲ್ಲ.

ಇತ್ತ ಮನೆಯ ಹಿತ್ತಲಲ್ಲಿ ಮೆಣಸಿನ ಸಸಿಯ, ಊರ ಮಾತಿನಲ್ಲಿ ಅಗಿಯ, ಮಡಿ. ಕರಬಸವ್ವ ಬೀಜ ಆರಿಸಿ, ಬೂದಿ ಹಚ್ಚಿ, ಕೋಳಿ ಕೆದರದಂತೆ ಮುಳ್ಳು ಮುಚ್ಚಿ ಬೆಳೆಸಿದ ಸಸಿಗಳು ಗೇಣುದ್ದ ಎದ್ದು ನಿಂತಿದ್ದವು. ವಾರ ಎರಡು ವಾರದೊಳಗೆ ಹೊಲಕ್ಕೆ ಹೋಗಬೇಕು. ಇಲ್ಲವಾದರೆ ಬಲಿತು, ನೆಟ್ಟರೂ ಬೇರು ಹಿಡಿಯವು. ವರ್ಷದ ಬೆಳೆಯೇ ಆ ಮಡಿಯಲ್ಲಿತ್ತು. ಹೊಲದಲ್ಲಿಯೋ ಜೇಕೆಂಬ ಕಳೆಹುಲ್ಲು! ಕುಂಟೆ ಹೊಡೆದರೆ ಒಂದು ಗಡ್ಡೆ ಹತ್ತಾಗುವ, ರಕ್ತಬೀಜಾಸುರನಿಗೆ ಪಾಠ ಹೇಳಿಕೊಡಬಲ್ಲ ಜೇಕು. ದುರಗವ್ವನ ಬಳಿ ಹೋಗಿ "ತಪ್ಪಾತು" ಎನ್ನುವುದು ಅತ್ಯಂತ ಸುಲಭದ ಉಪಾಯವಾಗಿತ್ತು. ಆದರೆ ಸುಲಭದ ಉಪಾಯಗಳಿಂದ ವೀರಗಾಥೆ ಹುಟ್ಟುವುದಿಲ್ಲ. ಗುಡ್ಡಪ್ಪನು ಪೇಟೆಗೆ ಹೋಗಿ ಕಳೆ ಕೊಲ್ಲುವ ಎಣ್ಣೆಯೆಂಬ ಅಸ್ತ್ರ ತಂದನು.

ಅದೇನು ಸಾಮಾನ್ಯ ಅಸ್ತ್ರವೇ? ಸರ್ವಹರಿತಭಕ್ಷಕ, ಪತ್ರಪ್ರವೇಶಿ, ಮೂಲನಾಶನ! ಗೊಬ್ಬರದಂಗಡಿಯ ಸಾಹುಕಾರ ಅದನ್ನು ಎರಡೂ ಕೈಯಲ್ಲಿ ಎತ್ತಿ ಕೊಡುತ್ತ ಉಪದೇಶ ಮಾಡಿದನು: "ಇದು ಕಸ ಯಾವುದು ಬೆಳಿ ಯಾವುದು ಅಂತ ನೋಡಂಗಿಲ್ಲ. ಹಸರು ಕಂಡರ ಮುಗೀತು. ಅದಕ್ಕಽ ಅಗಿ ಹಚ್ಚೂಕಿಂತ ಮೊದಲ ಹೊಡಿಬೇಕು. ಒಂದೊಂದು ಪಂಪಿಗೆ ಒಂದು ಹಿಡಿ ಯೂರಿಯಾ ಕೂಡಿಸ್ರಿ, ಜೋರು ಬರತೈತಿ. ಮತ್ತ ನೀರು ಮಾತ್ರ ತಿಳೀ..."

"ತಿಳೀತು ಬಿಡ್ರಿ. ನಮ್ಮಪ್ಪನ ಕಾಲದಿಂದ ಎಣ್ಣಿ ಹೊಡದ ಮಂದಿ ನಾವು" ಎಂದು ಗುಡ್ಡಪ್ಪನು ಎದ್ದೇಬಿಟ್ಟನು. ಯೂರಿಯಾದ ಮಾತು ಕಿವಿಯೊಳಗೆ ಹೋಗಿತ್ತು. ನೀರಿನ ಮಾತು ಅಂಗಡಿಯ ತಕ್ಕಡಿಯ ಹತ್ತಿರವೇ ಉಳಿಯಿತು.

ಜಾತಿ, ಕುಲ, ಬೇಕಾದವರು, ಬೇಡವಾದವರು ಎಂದು ನೋಡದೆ ಎಲ್ಲರನ್ನೂ ಒಂದೇ ಸಮ ಕೊಲ್ಲುವ ಇಂಥ ಸಮದರ್ಶಿ ನಮ್ಮ ತಾಲೂಕಿನಲ್ಲಿ ಇನ್ನೊಂದಿಲ್ಲ. ಆದರೂ ಕೇಳುಗರೇ, ವರ ಪಡೆದವರೆಲ್ಲರಿಗೂ ಒಂದು ಸಂದು ಇದ್ದೇ ಇರುತ್ತದಷ್ಟೆ? ಈ ಎಣ್ಣೆಗೂ ಇತ್ತು. ಎಲೆಯ ಮೇಲೆ ಬಿದ್ದರೆ ಯಮ. ಮಣ್ಣು ಮುಟ್ಟಿದರೆ ಅಲ್ಲಿಯೇ ಅಪ್ಪಿಕೊಂಡು ಮಲಗಿಬಿಡುತ್ತದೆ. ಮತ್ತೆ ಯಾರು ಕರೆದರೂ ಏಳುವುದಿಲ್ಲ.

ಸಮರದ ದಿನ ಬಂದಿತು. ಗುಡ್ಡಪ್ಪನು ಮಳೆಗಾಲದ ರಬ್ಬರ್ ಬೂಟನ್ನು ಮೆಟ್ಟಿದನು. ಗೊಬ್ಬರದ ಚೀಲವನ್ನು ಕವಚವಾಗಿ ಕಟ್ಟಿದನು. ಮೂಗುಬಾಯಿಗೆ ಟವೆಲು ಸುತ್ತಿದನು. ಅದರ ಮೇಲೆ, ಪೇಟೆಯ ಪೊಲೀಸರು ನಿಂತಿರುವ ರಸ್ತೆಯಲ್ಲಿ ಮಾತ್ರ ಧರಿಸುವ ವ್ರತವಿದ್ದ ಹೆಲ್ಮೆಟ್ಟನ್ನು ಕಿರೀಟದಂತೆ ಇರಿಸಿದನು. ಎಮ್ಮೆ ಒಮ್ಮೆ ಅವನನ್ನು ನೋಡಿ ಗೂಟ ಕೀಳಲು ಜಗ್ಗಿತು. ಇದನ್ನು ಅವನು ಶುಭಶಕುನವೆಂದು ತಿಳಿದನು.

ಅಸ್ತ್ರವನ್ನು ಕಲಸಲು ನೀರು ಬೇಕು. ಮನೆಯ ಬಳಿ ಬೋರ್‌ವೆಲ್ಲಿನ ನೀರಿತ್ತು, ಕನ್ನಡಿಯಷ್ಟು ತಿಳಿ. ಆದರೆ ಅರಳೀಕೊಪ್ಪದಲ್ಲಿ ಹೊಲದ ಯಾವ ಹೊಸ ಕೆಲಸವನ್ನೂ ಕೆರೆಗೆ ಬಂದ ಹೊಸ ನೀರು ಇಲ್ಲದೆ ಮಾಡುವುದಿಲ್ಲ. ಮೊದಲ ಮಳೆಗೆ ಗುಡ್ಡದ ಕೆಮ್ಮಣ್ಣನ್ನು ತೊಳೆದು ತರುವ ಆ ನೀರಿಗೆ ಅರಿಸಿನ ಕುಂಕುಮ ಏರಿಸುತ್ತಾರೆ, ಬೀಜ ಅದರಲ್ಲಿ ನೆನೆಸುತ್ತಾರೆ, ಹೊಸ ಎತ್ತಿನ ಮೇಲೆ ಚಿಮುಕಿಸುತ್ತಾರೆ, ಕಳೆದ ವರ್ಷ ಬಂದ ಟ್ರ್ಯಾಕ್ಟರಿಗೂ ಕುಡಿಸಲು ನೋಡಿದ್ದರು. ಹೊಸ ನೀರಿಲ್ಲದೆ ಕೈಗೆ ಯಶಸ್ಸಿಲ್ಲವೆಂಬುದು ಹಿರಿಯರ ಮಾತು. ಗುಡ್ಡಪ್ಪನು ಬ್ಯಾರೆಲ್ಲು ಕಟ್ಟಿದ ಗಾಡಿಯಲ್ಲಿ ಕೆರೆಗೆ ಹೋಗಿ, ರಾಗಿ ಅಂಬಲಿಯಷ್ಟು ದಪ್ಪಗಿದ್ದ, ಪರಮಪವಿತ್ರವಾದ ರಾಡಿಯನ್ನು ತುಂಬಿಕೊಂಡು, ಕೈಮುಗಿದು ಹೊಲಕ್ಕೆ ತಂದನು. ಎಣ್ಣೆ ಹೊಯ್ದನು, ಯೂರಿಯಾ ಹಾಕಿದನು, ಕೋಲಿನಿಂದ ಕಡೆದನು. ಆ ಕ್ಷಣದಲ್ಲಿಯೇ ಬ್ಯಾರೆಲ್ಲಿನೊಳಗೆ ಸರ್ವಹರಿತಭಕ್ಷಕನು ಗುಡ್ಡದ ಮಣ್ಣನ್ನು ಅಪ್ಪಿಕೊಂಡು ಗಾಢನಿದ್ರೆಗೆ ಜಾರಿದನು. ಕಡೆದವನಿಗೆ ತಿಳಿಯಲಿಲ್ಲ.

ಆಗ ಬೆನ್ನಿಗೆ ಪಂಪೇರಿಸಿ, ನಳಿಕೆಯನ್ನು ಗದೆಯಂತೆ ಎತ್ತಿ, ಎರಡೆಕರೆ ಶತ್ರುಸೈನ್ಯದ ಎದುರು ಗುಡ್ಡಪ್ಪನು ಹೆಲ್ಮೆಟ್ಟಿನೊಳಗಿನಿಂದ ವೀರಾಲಾಪ ಮಾಡಿದನು:

"ಎಲಾ ಜೇಕೇ, ಎಲಾ ಕರಿಕೇ! ನಮ್ಮಜ್ಜ ನಿಮ್ಮನ್ನ ಕಿತ್ತ, ನಮ್ಮಪ್ಪ ನಿಮ್ಮನ್ನ ಕೊಚ್ಚಿದ. ನೀವು ಅವರ ತಿಥಿ ದಿನಾನೂ ಹಸರಽ ಇದ್ರಿ. ನಾ ಹಂಗ ಬಿಡಾವಲ್ಲ! ಇವತ್ತು ನಿಮ್ಮ ಗಡ್ಡಿ ಗಡ್ಡಿಗೂ ನನ್ನ ಹೆಸರು ಗೊತ್ತಾಗಬೇಕು. ಆ ದುರಗವ್ವ ಬಂದು ಈ ಬದುವಿನ ಮ್ಯಾಲೆ ನಿಂತು, ಗುಡ್ಡಪ್ಪಾ, ಇಷ್ಟು ಚೊಕ್ಕ ಹೊಲ ನಾ ಹುಟ್ಟಿದಮ್ಯಾಲೆ ನೋಡಿಲ್ಲ ಅನಬೇಕು!"

ಜೇಕು ಗಾಳಿಗೆ ತಲೆಯಾಡಿಸಿತು. ಒಪ್ಪಿತೋ, ನಕ್ಕಿತೋ, ಯಾರು ಬಲ್ಲರು?

ಆಮೇಲೆ ನಡೆದ ಸಂಗ್ರಾಮವನ್ನು ಏನೆಂದು ವರ್ಣಿಸಲಿ! ಎಡಕ್ಕೆ ಬೀಸಿದರೆ ಎಡಗಡೆ ಕೆಂಪು, ಬಲಕ್ಕೆ ಬೀಸಿದರೆ ಬಲಗಡೆ ಕೆಂಪು. ವೈರಿಗಳ ನೆತ್ತಿಯ ಮೇಲೆ ಕೆಮ್ಮಣ್ಣಿನ ಹನಿಗಳು ಓಕುಳಿಯಾಗಿ ಇಳಿದವು. ಪಂಪಿನ ಮೇಲೆ ಪಂಪು ಖಾಲಿಯಾಯಿತು. ಹೊತ್ತು ನೆತ್ತಿಗೇರುವ ಹೊತ್ತಿಗೆ ಮೂಡಣ ಬದುವಿನವರೆಗೂ ಭೂಮಿ ಜಯಿಸಲ್ಪಟ್ಟಿತು. ಅಲ್ಲಿಗೆ ಬಂದಾಗ ಮಾತ್ರ ನಳಿಕೆಯ ಬಾಯಿಗೆ ಮಣ್ಣು ಕಟ್ಟಿ, ಅಸ್ತ್ರ ಬುಸ್ ಎಂದು ನಿಂತುಹೋಯಿತು. ಗುಡ್ಡಪ್ಪನು ಊದಬಾರದೆಂದು ನೆನಪಾಗಿ ಊದಲಿಲ್ಲ. ವೀರನಾದರೂ ಅಷ್ಟು ಬುದ್ಧಿ ಇತ್ತು. ಕರಬಸವ್ವ ಮಾತಿಲ್ಲದೆ ತಂದಿಟ್ಟು ಹೋಗಿದ್ದ ಕುಡಿಯುವ ನೀರಿನ ಕೊಡದಿಂದ ಪಂಪನ್ನೂ ನಳಿಕೆಯನ್ನೂ ತೊಳೆದು, ಉಳಿದ ತಿಳಿನೀರಿನಲ್ಲಿಯೇ ಡಬ್ಬಿಯ ತಳದ ಎಣ್ಣೆ ಹೊಯ್ದು ಕೊನೆಯ ಪಂಪು ಕಲಸಿ, ಹೊಲದಲ್ಲಿ ಹೊಡೆಯಲು ಜಾಗ ಉಳಿಯದಿದ್ದುದರಿಂದ ಬದುವಿನ ಮೇಲೆಲ್ಲ ಹೊಡೆದು ಖಾಲಿ ಮಾಡಿದನು. ಬದುವಿನ ಮೇಲೆ ಇದ್ದದ್ದು ಕರಬಸವ್ವನ ಎಮ್ಮೆಗೆ ಬೆಳೆಸಿದ ಮೇವು.

ವಾರ ಕಳೆಯಿತು. ಗುಡ್ಡಪ್ಪನು ದಿನವೂ ಬೆಳಿಗ್ಗೆ ರಣರಂಗಕ್ಕೆ ಹೋಗಿ ಹೆಣಗಳನ್ನು ಹುಡುಕುತ್ತಿದ್ದನು. ಹೆಣ ಸಿಕ್ಕಿದ್ದು ಬದುವಿನ ಮೇಲೆ ಮಾತ್ರ: ಎಮ್ಮೆಯ ಮೇವು ಅರಿಸಿನದ ಬಣ್ಣಕ್ಕೆ ತಿರುಗಿ ಬುಡಸಮೇತ ಮಲಗಿತ್ತು. ಹೊಲದೊಳಗೋ, ಮಿಂದು, ಯೂರಿಯಾ ಉಂಡು, ಮೇಲೊಂದು ಹದಮಳೆ ಕುಡಿದು ಎದ್ದ ಜೇಕು ಕಪ್ಪುಹಸಿರಾಗಿ ಮೊಣಕಾಲು ಮುಟ್ಟಿತ್ತು. ಇಡೀ ಅರಳೀಕೊಪ್ಪದಲ್ಲಿ ಅಷ್ಟು ಸೊಂಪಾದ ಹೊಲ ಇನ್ನೊಂದಿರಲಿಲ್ಲ. ದಾರಿಹೋಕರು ನಿಂತು, "ಏನು ಬಿತ್ತೀಯಪಾ? ಚಲೋ ಬಂದೈತಿ" ಎಂದು ಕೇಳತೊಡಗಿದರು.

ಗುಡ್ಡಪ್ಪನು ಖಾಲಿ ಡಬ್ಬಿ ಹಿಡಿದು ಅಂಗಡಿಗೆ ಧಾವಿಸಿದನು. ಸಾಹುಕಾರ ಕೇಳಿದ್ದು ಒಂದೇ: "ಯಾವ ನೀರಾಗ ಕಲಸಿದಿ?" ಉತ್ತರ ಕೇಳಿ ಅವನು ಖಾಲಿ ಡಬ್ಬಿಯನ್ನು ಇಸಿದುಕೊಂಡು ತಕ್ಕಡಿಯ ಪಕ್ಕಕ್ಕಿಟ್ಟನು. ಆಮೇಲೆ, "ಹೊಸಾ ನೀರಿಗೆ ಕೈ ಮುಗದು ಬಂದ್ಯಲ್ಲ, ಅದರ ಪುಣ್ಯಾನಾದರೂ ಬರಲಿ. ಮಣ್ಣು ಕೂಡಿದರ ಎಣ್ಣಿ ಸತ್ತಂಗ ಮಾರಾಯಾ" ಎಂದನು.

ಮನೆಗೆ ಬಂದರೆ ಕರಬಸವ್ವ ಹಿತ್ತಲಲ್ಲಿ ಮಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಸಸಿಗಳು ಉದ್ದಕ್ಕೆ ಹೋಗಿ ಒಂದರ ಮೇಲೊಂದು ಬಾಗಿದ್ದವು. ಅಷ್ಟು ದಿನಗಳ ಮೇಲೆ ಅವಳು ಬಾಯಿ ಬಿಟ್ಟಳು.

"ಎಮ್ಮಿ ಮೇವು ಹೋತು, ಹೋಗ್ಲಿ. ಇವನ್ನ ಕೂಸು ಸಾಕಿದಂಗ ಸಾಕೇನಿ ರೀ. ಇನ್ನ ನಾಲ್ಕು ದಿವಸ ತಡೀತಾವು, ಅಷ್ಟಽ."

ಅವಳ ಕಣ್ಣು ಒದ್ದೆಯಾಗಿತ್ತು. ಜೇಕಿಗೆ ಬಗ್ಗದ ಜೇಕುಕುಲಕಾಲಾಂತಕನಿಗೆ ಇದನ್ನು ಎದುರಿಸುವ ಯಾವ ಕವಚವೂ ಇರಲಿಲ್ಲ. ಅವನಿಗೆ ನಿಜವಾಗಿಯೂ ನಾಚಿಕೆಯಾಯಿತು. ಟವೆಲು ಹೆಗಲಿಗೆ ಹಾಕಿಕೊಂಡು ನೇರ ದುರಗವ್ವನ ಮನೆಗೆ ನಡೆದನು. ದಾರಿಯಲ್ಲಿ ಒಂದು ಭವ್ಯವಾದ ಭಾಷಣವನ್ನು ಸಿದ್ಧಪಡಿಸಿಕೊಂಡಿದ್ದನು. ದುರಗವ್ವ ರೊಟ್ಟಿ ಬಡಿಯುತ್ತಿದ್ದಳು. ಆ ಸದ್ದಿಗೆ ಭಾಷಣದ ಮೊದಲರ್ಧ ಮರೆತುಹೋಯಿತು, ಉಳಿದರ್ಧ ಗಂಟಲಿಳಿಯಿತು.

"ಯಕ್ಕಾ, ಬಾಯಿ ತಪ್ಪಿ ಅಂದೆ. ಕಸ ತಗದು ಕೊಡ್ರಿ."

"ನಿನ್ನ ಹೇಣತಿ ಮುಯ್ಯಿ ತೀರೇತಿ ತಮ್ಮಾ" ಎಂದಳು ದುರಗವ್ವ, ರೊಟ್ಟಿಯಿಂದ ಕಣ್ಣೆತ್ತದೆ. "ಅವತ್ತು ನಾವು ಬಂದಿದ್ವಿ. ಕಳಸಿದಾವ ನೀನು. ಈಗ ಹೊಸಾ ಮುಯ್ಯಿ ಹಾಕಬೇಕು. ನಾಳೆ ನಾವು ಕೋಟೆಪ್ಪನ ಹೊಲದಾಗ ಅದೀವಿ. ಒಂದು ಆಳು ಕಡಿಮಿ ಬಿದ್ದೈತಿ."

"ಯಾರನ್ನ ಕಳಸಲಿ?"

"ನಿನಗ ಎರಡೂ ಕೈ ಅದಾವಲ್ಲ?"

ಕೋಟೆಪ್ಪನೆಂದರೆ ಗುಡ್ಡಪ್ಪನ ಪಕ್ಕದ ಹೊಲದವನು. ಸೇನೆಯ ಕೈಯಲ್ಲಿ ಹೊಲ ಚೊಕ್ಕ ಮಾಡಿಸಿ, ಮೆಣಸಿನ ಸಸಿ ನೆಟ್ಟು, ಈಗ ಮೊದಲ ಕಳೆ ತೆಗೆಸುತ್ತಿದ್ದ ಭಾಗ್ಯವಂತ. ಮರುದಿನ ಬೆಳಿಗ್ಗೆ ಊರಿಗೆ ಊರೇ ಆ ದಾರಿಯಲ್ಲಿ ಏನೋ ಕೆಲಸವಿದೆಯೆಂದು ಹಾದುಹೋಯಿತು. ಹೆಂಗಸರ ಸಾಲಿನ ಕೊನೆಯಲ್ಲಿ, ಕಿರೀಟವಿಲ್ಲದೆ, ಕವಚವಿಲ್ಲದೆ, ಕರಬಸವ್ವನ ಹಳೆಯ ಕುರ್ಪಿ ಹಿಡಿದು ಗುಡ್ಡಪ್ಪನು ಕೂತಿದ್ದನು. ಹೆಂಗಸರು ಮಾತಾಡುತ್ತಲೇ ಹೊಲದ ಆ ತುದಿ ಮುಟ್ಟಿದರು. ಗುಡ್ಡಪ್ಪನು ಒಂದೂ ಮಾತಾಡದೆಯೂ ಅರ್ಧವನ್ನೂ ಮುಟ್ಟಲಿಲ್ಲ. ಮಂಡಿ ಹಿಡಿಯಿತು, ಸೊಂಟ ಸಿಡಿಯಿತು. ಹಿಂದೆ ಬೀಳಬಾರದೆಂದು ಅವನು ಕಣ್ಣುಮುಚ್ಚಿದಂತೆ ಎರಡೂ ಕೈಯಿಂದ ಕಿತ್ತು ಕಿತ್ತು ಬದಿಗೆ ಎಸೆಯತೊಡಗಿದನು.

ತನ್ನ ಸಾಲು ಮುಗಿಸಿದ ಕರಬಸವ್ವ, ಹಿಂದುಳಿದವರಿಗೆ ಎಲ್ಲರೂ ಮಾಡುವಂತೆ, ಆ ಕಡೆಯಿಂದ ಅವನ ಸಾಲು ಹಿಡಿದು ಕೀಳುತ್ತ ಎದುರಿಗೆ ಬಂದಳು. ಹತ್ತಿರ ಬಂದವಳು ಅವನ ಬದಿಯ ಗುಡ್ಡೆಯನ್ನು ನೋಡಿ, ದನಿ ತಗ್ಗಿಸಿ ಹೇಳಿದಳು:

"ರೀ, ಅವು ಕಸ ಅಲ್ಲ. ಕೋಟೆಪ್ಪನ ಮೆಣಸಿನ ಅಗಿ."

ಗುಡ್ಡಪ್ಪನು ಗುಡ್ಡೆಯನ್ನು ನೋಡಿದನು. ಜೇಕು ಎಷ್ಟಿತ್ತೋ ಮೆಣಸೂ ಅಷ್ಟೇ ಇತ್ತು. ಕರಬಸವ್ವ ದುರಗವ್ವ ನಿಂತಿದ್ದ ಬದುವಿನ ಕಡೆಗೆ ಬೆನ್ನು ಮಾಡಿ, ಅವಳಿಗೆ ಕಾಣದಂತೆ ಸೆರಗು ಅಗಲಿಸಿ ಕೂತಳು. ಆ ಸೆರಗಿನ ಮರೆಯಲ್ಲಿ, ಜೇಕುಕುಲಕಾಲಾಂತಕನೂ ಕರಿಕೆಗರ್ವಭಂಜನನೂ ಆದ ಗುಡ್ಡಪ್ಪನು ಒಂದೊಂದೇ ಸಸಿಯನ್ನು ಆರಿಸಿ, ಬೆರಳಿನಿಂದ ಕುಳಿ ತೋಡಿ, ನೆಟ್ಟು, ಮಣ್ಣು ಒತ್ತುತ್ತ, ಒಂದೊಂದಕ್ಕೂ ಮೊದಲು ಹೆಂಡತಿಯ ಮುಖಕ್ಕೆ ಹಿಡಿದು ಕೇಳುತ್ತಿದ್ದನು:

"ಇದು ಮೆಣಸೋ, ಕಸೋ?"