ಕೆಂಚನಿಗೊಂದು ಜೋರಾದ ಚಪ್ಪಾಳೆ

ಇಪ್ಪತ್ತೆರಡು ಮಕ್ಕಳ ಎದೆಯಲ್ಲಿ ಒಂದೇ ಬೆಳಿಗ್ಗೆ ಪ್ರಾಣಿದಯೆ ಬಿತ್ತಿಬಿಡುತ್ತೇನೆ ಎಂದು ನಾನು ಪಣ ತೊಟ್ಟಾಗ ನನ್ನ ಹೆಂಡತಿ ದಾಕ್ಷಾಯಿಣಿ ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ಬಿತ್ರಿ, ಯಾರ್ ಬ್ಯಾಡ ಅಂದ್ರು? ಭಾಷಣ ಮಾತ್ರ ಮಾಡಬ್ಯಾಡ್ರಿ."

ಭಾಷಣ ಬಿಡುವುದೆಂದರೆ ನಾನು ಉಸಿರು ಬಿಟ್ಟ ಹಾಗೆ. ತಾಳ್ಯದಿಂದ ಹೊಳಲ್ಕೆರೆಯವರೆಗೆ ಮದುವೆ, ಸನ್ಮಾನ, ಬೀಳ್ಕೊಡುಗೆ ಏನೇ ಇರಲಿ, ಮೈಕು ಹಿಡಿಯುವ ನಿರೂಪಕ ನಾನೇ. ಮೂವತ್ತು ವರ್ಷದ ಸೇವೆ! ದಯೆಗೂ ನಮ್ಮ ಮನೆಯಲ್ಲಿ ಕೊರತೆಯಿಲ್ಲ. ಹಿತ್ತಲಲ್ಲಿ ಮೂವರು ನಿರಾಶ್ರಿತರಿದ್ದಾರೆ: ಸಂತೆಯಲ್ಲಿ ಯಾರಿಗೂ ಬೇಡವಾದ ಕುಂಟೆತ್ತು, ಲಾರಿಯಿಂದ ಬಿದ್ದು ಬದುಕಿದ ಫಾರಂ ಕೋಳಿ, ಕಾಳಗದ ಕಣದಿಂದ ಬಿಡಿಸಿ ತಂದ ಕೆಂಚನೆಂಬ ಟಗರು.

ಒಂದು ಕೊಂಬು ಮುರಿದ ಮೇಲೆ ಕೆಂಚನನ್ನು ನಮಗೆ ಒಪ್ಪಿಸಿದ ಅವನ ಹಳೇ ಯಜಮಾನ ದುರುಗಣ್ಣ, "ಸಾಧು ಐತೆ ಸಾರ್. ಗದ್ದಲ ಮಾತ್ರ ಮಾಡಬ್ಯಾಡ್ರಿ, ಕಣ ನೆಪ್ಪಾಗ್ತೈತೆ" ಎಂದಿದ್ದ. ದಾಕ್ಷಾಯಿಣಿ ಕೇಳಿಸಿಕೊಂಡಳು. ನಾನು ಆಗ ಕೆಂಚನಿಗೆ ಸ್ವಾಗತ ಭಾಷಣ ಮಾಡುತ್ತಿದ್ದೆ.

ಮಕ್ಕಳು ಬರುವ ದಿನ ಬೆಳಿಗ್ಗೆ ದಾಕ್ಷಾಯಿಣಿ, "ಇವತ್ತು ಅದು ಯಾರಿಗಾದ್ರೂ ಗುದ್ದಿದ್ರೆ ನಾಳೆನೇ ದುರುಗಣ್ಣನ ಮನೆಗೆ ವಾಪಸ್. ಮಕ್ಕಳಿರೋ ಜಾಗ" ಎಂದಳು.

ವಾಪಸ್ ಹೋದ ಒಂಟಿಕೊಂಬಿನವನಿಗೆ ಕಣದಲ್ಲೇನು ಕೆಲಸ? ಮಸಾಲೆ ಅರೆಯುತ್ತಾರೆ, ಅಷ್ಟೇ. ಕೆಂಚ ಎಂದರೆ ನನಗೆ ಪ್ರಾಣ.

ನರ್ಸರಿ ಮಕ್ಕಳನ್ನು ಶೋಭಾರಾಣಿ ಮೇಡಂ ಸಾಲಾಗಿ ಕರೆತಂದರು. ನಾನು ಪೇಟ ಸುತ್ತಿ ನಿಂತಿದ್ದೆ. ಪಾಠ ಮಾತ್ರ ದಾಕ್ಷಾಯಿಣಿಯದು.

"ಹೆದರಿದ ಪ್ರಾಣಿ ಮುಂದೆ ಕೂಗಬಾರದು. ಸುಮ್ಮನೆ ಕುಂತ್ಕಬೇಕು. ಮೆಲ್ಲಗೆ ಸೊಪ್ಪು ಚಾಚಬೇಕು. ಅದು ತಿನ್ನೋಗಂಟ ಏಳಬಾರದು."

ಮಕ್ಕಳು ಹಾಗೇ ಮಾಡಿದರು. ಕೋಳಿ ಒಬ್ಬನ ಮಡಿಲೇರಿತು. ಎತ್ತು ನಾಲ್ಕು ಯೂನಿಫಾರಂ ನೆಕ್ಕಿ ಒದ್ದೆ ಮಾಡಿತು. ಕೆಂಚ ಕಣ್ಣು ಮುಚ್ಚಿಕೊಂಡು ಕುದುರೆಮೆಂತ್ಯೆ ಸೊಪ್ಪು ಮೇಯ್ದ. ಅಲ್ಲಿಗೇ ಮುಗಿಸಬಹುದಿತ್ತು.

ಆದರೆ ಸನ್ಮಾನವಿಲ್ಲದೆ ನಾನು ಮುಗಿಸಿದ ಕಾರ್ಯಕ್ರಮ ಈ ಸೀಮೆಯಲ್ಲಿ ಒಂದೂ ಇಲ್ಲ. ಕೆಂಚನಿಗೆ ಶಾಲು ಹೊದಿಸಿದೆ. ಸನ್ಮಾನಿತರನ್ನು ಕಟ್ಟಿಹಾಕುವುದು ಅವಮಾನವೆಂದು ಹಗ್ಗ ಬಿಚ್ಚಿದೆ.

"ಮಕ್ಕಳೇ, ನಮ್ಮ ವೀರನಿಗೆ ಜೋರಾದ ಚಪ್ಪಾಳೆ! ಕೇಳಿಸಲಿಲ್ಲ, ಇನ್ನೂ ಜೋರಾಗಿ!"

ಕೆಂಚ ಕಣ್ಣು ಬಿಟ್ಟ. ನಾಲ್ಕು ಹೆಜ್ಜೆ ಹಿಂದೆ ಸರಿದು ತಲೆ ತಗ್ಗಿಸಿದ.

ನಾನು ಅವನಿಗೆ ಬೆನ್ನು ಹಾಕಿ ಮಕ್ಕಳಿಗೆ ವಿವರಿಸಿದೆ: "ನೋಡಿ, ಎಂಥ ವಿನಯ! ತಲೆ ಬಾಗಿ ವಂದಿಸುತ್ತಿ..."

ವಾಕ್ಯ ನೆಲದ ಮೇಲೆ ಉಳಿಯಿತು, ನಾನು ಮೇಲೆ ಹೋದೆ. ಪೇಟ ಎತ್ತಿನ ಕೊಂಬಿಗೆ ಸಿಕ್ಕಿತು. ಐವತ್ತೆಂಟರ ಮಂಡಿಗಳು ಹುಲ್ಲಿನ ಬಣವೆ ಹೇಗೆ ಹತ್ತಿದವೋ ಇವತ್ತಿಗೂ ತಿಳಿಯದು. ಕೆಳಗೆ ಕೆಂಚ ಕಾಲು ಕೆರೆಯುತ್ತಿದ್ದ, ಶಾಲು ಸಮೇತ.

"ದಾಕ್ಷೀ, ಹಿಡಿಯೇ, ಸತ್ತೆ!" ಎಂದು ಅರಚಿದೆ.

ಕೂಗಿದವನು ನಾನೊಬ್ಬನೇ. ಮಕ್ಕಳು ಪಾಠದಂತೆ ಬಾಯಿ ಮುಚ್ಚಿ ಕೂತುಬಿಟ್ಟಿದ್ದರು. ಅನುಷಾ ಎಂಬ ಐದು ವರ್ಷದ ಹುಡುಗಿ ಸೊಪ್ಪು ಚಾಚಿದಳು. ಚಪ್ಪಾಳೆ ನಿಂತದ್ದು ಕೆಂಚನಿಗೂ ತಿಳಿಯಿತೇನೋ, ಬುಸುಗುಟ್ಟಿ, ಬಂದು, ತಿಂದ. ದಾಕ್ಷಾಯಿಣಿ ಹಗ್ಗ ಹಾಕಿದಳು.

ನನ್ನ ನೋವಿಗಿಂತ ಭಯ ದೊಡ್ಡದಿತ್ತು. "ವಾಪಸ್ ಕಳಿಸ್ತೀಯಾ?" ಎಂದೆ ಮೇಲಿನಿಂದಲೇ.

"ಯಾಕೆ? ಮಕ್ಕಳ ತಂಟೆಗೆ ಹೋಗಿಲ್ಲ. ನಿಮಗೆ ಗುದ್ದಿದ್ದು ಲೆಕ್ಕಕ್ಕಿಲ್ಲ."

ನನಗೆ ಕಣ್ಣೀರೇ ಬಂತು. ಆದರೆ ಇಳಿಯಲು ಕಾಲು ಚಾಚಿದರೆ ಗಡಗಡ ನಡುಕ. "ಅಯ್ಯೋ ಶಿವನೇ" ಎಂದೆ.

"ಶ್... ಕೂಗಬ್ಯಾಡ್ರಿ, ತಾತ ಹೆದರ್ಕಂಡೈತೆ," ಎಂದಳು ಅನುಷಾ.

ಇಪ್ಪತ್ತೆರಡು ಮಕ್ಕಳೂ ಬಣವೆಯ ಸುತ್ತ ಸದ್ದಿಲ್ಲದೆ ಕೂತರು. ಅನುಷಾ ಒಂದು ಹಿಡಿ ಕುದುರೆಮೆಂತ್ಯೆಯನ್ನು ಮೆಲ್ಲಗೆ ಮೇಲಕ್ಕೆ ಚಾಚಿದಳು.

"ನೋಡ್ರಿ ಸಾರ್, ಪಾಠ ಹೆಂಗೆ ಹತ್ತೈತೆ," ಎಂದು ಶೋಭಾರಾಣಿ ಮೇಡಂ ಹಿಗ್ಗಿದರು.

ಸೊಪ್ಪು ಈಸಿಕೊಂಡೆ. ನಾನು ತಿನ್ನುವವರೆಗೂ ಒಂದು ಮಗುವೂ ಏಳಲಿಲ್ಲ.