ಶನಿವಾರ ರಜೆ ಹಾಕುವ ದೋಷ

ಈ ಚಳಿಗಾಲ ಕಳೆಯುವುದರೊಳಗೆ ಮಿಶಿಗನ್ ರಾಜ್ಯದ ಅತ್ಯುತ್ತಮ ಬಿಯರ್ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಅವತರಿಸಲಿದೆ ಎಂದು ನಾನು ಘೋಷಿಸಿದೆ. ನನ್ನ ಗಂಡ ಕಲ್ಮೇಶ್ ಆಗ ಒಗೆದ ಕಾಲುಚೀಲಗಳಿಗೆ ಜೋಡಿ ಹುಡುಕುತ್ತಿದ್ದ. ತಲೆ ಎತ್ತಲಿಲ್ಲ.

“ಹೋದ ಸಲದ್ದು ಗುಲಾಬಿ ಗಿಡದ ಬುಡಕ್ಕ ಸುರುವಿದ್ದಿ.”

“ಹೌದು. ಅದಕ್ಕೇನೀಗ?”

“ಗಿಡಕ್ಕ ಇನ್ನೂ ಎಚ್ಚರ ಆಗಿಲ್ಲ.”

ಕಲ್ಮೇಶ್ ಧಾರವಾಡದವನು, ಲಿವೋನಿಯಾದ ಒಂದು ಕ್ಲಿನಿಕ್ಕಿನಲ್ಲಿ ಡಾಕ್ಟರ್. ಕೆಟ್ಟ ರಿಪೋರ್ಟನ್ನು ಮೆತ್ತಗೆ ಹೇಳುವುದು ಅವನ ವೃತ್ತಿ. ನಾನು ವಿನಿತಾ, ಮೈಸೂರಿನವಳು. ಸ್ಟರ್ಲಿಂಗ್ ಹೈಟ್ಸ್‌ನ ಕಾರು ಕಾರ್ಖಾನೆಯೊಂದರಲ್ಲಿ ಕಂಟ್ರೋಲ್ಸ್ ಇಂಜಿನಿಯರ್. ಕಾರಿಗೆ ಬಾಗಿಲು ಜೋಡಿಸುವ ರೋಬಾಟುಗಳು ನಾನು ನಿಲ್ಲು ಎಂದರೆ ನಿಲ್ಲುತ್ತವೆ, ಏಳು ಎಂದರೆ ಏಳುತ್ತವೆ. ಅಂಥವಳ ಮಾತನ್ನು ಒಂದು ಬಕೆಟ್ ಬಿಯರ್ ಕೇಳುವುದಿಲ್ಲವೆಂದರೆ!

ಹೋದ ಸಲದ ತಪ್ಪು ನನ್ನದಲ್ಲ, ಬಿಯರನ್ನು ಹುದುಗಿಸುವ ಯೀಸ್ಟಿನದು. ಯೀಸ್ಟ್ ಎಂಬುದು ಮೊದಲ ದೀಪಾವಳಿಗೆ ಬಂದ ಅಳಿಯನಿದ್ದ ಹಾಗೆ. ಸ್ವಲ್ಪ ತಣ್ಣಗಾದರೆ ಮುಸುಕು ಹೊದ್ದು ಮಲಗುತ್ತದೆ, ಸ್ವಲ್ಪ ಬಿಸಿಯಾದರೆ ಕೂಗಾಡುತ್ತದೆ. ಎರಡು ವಾರ ಒಂದೇ ಸಮನೆ ಅರವತ್ತಾರು ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಅದನ್ನು ಓಲೈಸಬೇಕು. ಅದಕ್ಕೆಂದೇ ನಾನು ಸ್ವಂತ ಕೈಯಿಂದ ಒಂದು ಕಂಟ್ರೋಲರ್ ಕಟ್ಟಿದೆ. ಬೇಸ್‌ಮೆಂಟಿನ ಹಳೆಯ ಫ್ರಿಜ್ಜಿನೊಳಗೆ ಬಿಯರ್ ಬಕೆಟ್. ಬಕೆಟ್ಟಿನ ಮೈಗೆ ಟೇಪು ಹಚ್ಚಿದ, ಶಾಖ ಅಳೆಯುವ ಸೆನ್ಸರ್. ನಡುವಿಗೆ ಡಾಬಿನಂತೆ ಬಿಗಿದ ಒಂದು ಬಿಸಿ ಪಟ್ಟಿ. ಹೊರಗೆ ಪ್ಲಾಸ್ಟಿಕ್ ಊಟದ ಡಬ್ಬಿಯೊಂದರಲ್ಲಿ ನನ್ನ ಸರ್ಕ್ಯೂಟು, ಹೊಳೆಯುವ ಕೆಂಪು ಅಂಕಿಗಳು, ಏರಿಸಲೊಂದು ಇಳಿಸಲೊಂದು ಬಾಣದ ಗುಂಡಿ. ಬಕೆಟ್ ತಣ್ಣಗಾದರೆ ಪಟ್ಟಿ ಕಾಯುತ್ತದೆ, ಬಿಸಿಯಾದರೆ ಫ್ರಿಜ್ಜು ಓಡುತ್ತದೆ. ಇಬ್ಬರ ನಡುವೆ ಕುಳಿತು ನ್ಯಾಯ ಹೇಳುವುದು ನನ್ನ ಡಬ್ಬಿ. ಅದನ್ನು ಮೊದಲ ಸಲ ಚಾಲೂ ಮಾಡಿದ ದಿನ ನಾನು ಅದರ ಎದುರು ಕುರ್ಚಿ ಹಾಕಿಕೊಂಡು, ಟೀವಿ ನೋಡುವಂತೆ ಅರವತ್ತಾರನ್ನು ನೋಡುತ್ತ ಕುಳಿತಿದ್ದೆ.

ಈ ಹೆಮ್ಮೆಯನ್ನು ಒಬ್ಬಳೇ ಇಟ್ಟುಕೊಳ್ಳುವುದು ಸ್ವಾರ್ಥವಾಗುತ್ತದೆ. ಶಿಕಾಗೋ ಪಕ್ಕದ ಲೊಂಬಾರ್ಡಿನಲ್ಲಿರುವ ದೇವೇಂದ್ರನಿಗೆ ಫೋನ್ ಮಾಡಿದೆ. ಅವನು ಕಲ್ಮೇಶನ ಹಾಸ್ಟೆಲ್ ಗೆಳೆಯ. ನಮ್ಮೆರಡು ಮನೆಗಳ ನಡುವೆ ಮುನ್ನೂರು ಮೈಲಿ ಹೈವೇ ಮತ್ತು ಒಂದು ಹಳೆಯ ವ್ಯಾಜ್ಯವಿದೆ: ಹಬ್ಬಕ್ಕೆ ಯಾರು ಡ್ರೈವ್ ಮಾಡಬೇಕು?

“ವೈನಿ, ನಿಮ್ಮ ಆ ಡಬ್ಬಿ ಮಷಿನ್ನಿಂದ ಬಂದದ್ದನ್ನ ನಾ ಮನಸಾರೆ ಮೂರು ಗ್ಲಾಸ್ ಕುಡದ್ನಿ ಅಂದ್ರ, ಇನ್ನ ಮ್ಯಾಲೆ ಎಲ್ಲಾ ಹಬ್ಬಕ್ಕೂ ನಾವs ಅಲ್ಲಿಗೆ ಬರತೀವಿ,” ಎಂದ ದೇವೇಂದ್ರ.

“ಕುಡಿಯದಿದ್ದರೆ?”

“ಐ-94 ಹೈವೇ ಮ್ಯಾಗ ಗುಂಡಿ ಎಲ್ಲೆಲ್ಲಿ ಅದಾವು ಅಂತ ಕಲ್ಮೇಶಗ ಬಾಯಿಪಾಠ ಮಾಡಸ್ರಿ.”

ಪಣ ನಿಂತಿತು. ಅದೇ ವಾರ ನಮ್ಮ ಅತ್ತೆ ಜಯದೇವಿಯವರು ಧಾರವಾಡದಿಂದ ಬಂದಿಳಿದರು.

ವಿಮಾನ ನಿಲ್ದಾಣದಿಂದ ಬರುವಾಗಲೇ ಕಲ್ಮೇಶ್ ನನ್ನ ಕಿವಿಯಲ್ಲಿ, “ಅವ್ವಗ ಬಿಯರ್ ಸುದ್ದಿ ತಗೀಬ್ಯಾಡ. ಆಕಿ ಸೋಮವಾರ ಉಳ್ಳಾಗಡ್ಡಿ ಸೈತ ತಿನ್ನಂಗಿಲ್ಲ,” ಎಂದಿದ್ದ. ಆದರೆ ಬೇಸ್‌ಮೆಂಟಿನಲ್ಲಿ ಕೆಂಪಗೆ ಹೊಳೆಯುವುದನ್ನು ಎಷ್ಟು ದಿನ ಬಚ್ಚಿಡಲಾದೀತು? ಎರಡನೆಯ ದಿನವೇ ಅತ್ತೆ ಅದರ ಮುಂದೆ ನಿಂತಿದ್ದರು.

“ಇದೇನವಾ ಇದು?”

“ನನ್ನ ಆಫೀಸ್ ಪ್ರಾಜೆಕ್ಟ್, ಅತ್ತೆ.”

“ಬಕೀಟಿನ್ಯಾಗ ಏನೈತಿ?”

“ಅದು... ಟೆಸ್ಟಿಂಗ್ ದ್ರಾವಣ.”

“ಗುಳುಗುಳು ಅಂತೈತಲ್ಲ?”

“ಟೆಸ್ಟಿಂಗ್ ನಡೀತಾ ಇದೆ, ಅತ್ತೆ.”

ಅಷ್ಟಕ್ಕೆ ನಿಲ್ಲಿಸಬೇಕಿತ್ತು. ಆದರೆ ಕೇಳುಗರು ಸಿಕ್ಕಿದ ಇಂಜಿನಿಯರ್ ಎಲ್ಲಿ ನಿಲ್ಲಿಸುತ್ತಾಳೆ! ಈ ಬಾಣ ಒತ್ತಿದರೆ ಅಂಕಿ ಏರುತ್ತದೆ, ಈ ಬಾಣ ಒತ್ತಿದರೆ ಇಳಿಯುತ್ತದೆ, ಒಳಗಿಟ್ಟದ್ದನ್ನು ಹೇಳಿದಷ್ಟೇ ಬೆಚ್ಚಗೆ ಕಾಯುತ್ತದೆ ಎಂದು ಸವಿಸ್ತಾರವಾಗಿ ಪ್ರಾತ್ಯಕ್ಷಿಕೆ ಕೊಟ್ಟೆ. ಅತ್ತೆ ಎರಡೂ ಬಾಣಗಳನ್ನು ಒಂದೊಂದು ಸಲ ಒತ್ತಿ ನೋಡಿ ತೃಪ್ತರಾದರು. ಸಂಜೆ ಧಾರವಾಡದ ಬಂಧುಬಳಗಕ್ಕೆಲ್ಲ ಫೋನ್ ಹೋಯಿತು: “ನಮ್ಮ ಸೊಸಿ ಮಷಿನ್ ಮಾಡ್ಯಾಳ!” ಪಕ್ಕದ ಕೋಣೆಯಲ್ಲಿದ್ದ ನಾನು ಬಾಗಿಲನ್ನು ಇನ್ನಷ್ಟು ತೆರೆದಿಟ್ಟೆ.

ಅತ್ತೆಗೆ ಅಮೆರಿಕದ ಬಗ್ಗೆ ಇದ್ದದ್ದು ಒಂದೇ ತಕರಾರು. “ಎಲ್ಲಾ ಐತಿ ಈ ದೇಶದಾಗ. ಮಸರೊಂದು ಹೆಪ್ಪಾಗಂಗಿಲ್ಲ.” ಹೊರಗೆ ಹಿಮ, ಅಡುಗೆಮನೆಯಲ್ಲಿ ಥಂಡಿ, ರಾತ್ರಿ ಹೆಪ್ಪು ಹಾಕಿದ ಹಾಲು ಬೆಳಗ್ಗೆಯೂ ಹಾಲಾಗಿಯೇ ಇರುತ್ತಿತ್ತು. ಅಂಗಡಿಯ ಡಬ್ಬಿ ಮೊಸರನ್ನು ಅವರು ಚಮಚದ ತುದಿಯಲ್ಲಿ ಎತ್ತಿ, ಕೆಳಗಿಳಿಸಿ, “ಸುಣ್ಣ,” ಎನ್ನುತ್ತಿದ್ದರು.

ಮುಂದಿನ ಸೋಮವಾರ ಕಾರ್ಖಾನೆಯಿಂದ ಬಂದು ಡಬ್ಬಿ ದಿನವಿಡೀ ಬರೆದಿಡುವ ತಾಪಮಾನದ ದಾಖಲೆಯನ್ನು ಫೋನಿನಲ್ಲಿ ತೆರೆದವಳು ಕಾಲ ಮೇಲೆ ಚಹಾ ಚೆಲ್ಲಿಕೊಂಡೆ. ಬೆಳಗ್ಗೆಯವರೆಗೆ ಅರವತ್ತಾರು. ನಾನು ಕೆಲಸಕ್ಕೆ ಹೋದ ಮೇಲೆ ನಕ್ಷೆಯ ಗೆರೆ ಬೆಟ್ಟ ಹತ್ತಿದಂತೆ ಹತ್ತಿ ನೂರನಾಲ್ಕು ಮುಟ್ಟಿ, ಅಲ್ಲೇ ಊಟ ಮುಗಿಸಿ ವಿಶ್ರಾಂತಿ ಪಡೆದು, ನಾನು ಬರುವ ಹೊತ್ತಿಗೆ ಸರಿಯಾಗಿ ಕೆಳಗಿಳಿದಿತ್ತು! ಓಡಿಹೋಗಿ ಬಕೆಟ್ಟಿಗೆ ಬೇರೊಂದು ಥರ್ಮಾಮೀಟರ್ ಇಳಿಬಿಟ್ಟೆ. ಎಪ್ಪತ್ತೈದು.

ಇದು ವಿಚಿತ್ರ. ಬಿಸಿಯಾಗಿದೆ ಎಂದು ಸೆನ್ಸರ್ ಸುಳ್ಳು ಹೇಳಿದ್ದರೆ ಫ್ರಿಜ್ಜು ಓಡಿ ಬಿಯರ್ ತಣ್ಣಗಾಗಬೇಕಿತ್ತು. ನಿಜ ಹೇಳಿದ್ದರೆ ಬಿಯರ್ ಕಷಾಯವಾಗಬೇಕಿತ್ತು. ಎರಡೂ ಆಗಿಲ್ಲ. ಭಯದ ಜೊತೆಗೆ ಸಣ್ಣದೊಂದು ಗರ್ವವೂ ಮೂಡಿತು. ಸಾಮಾನ್ಯರ ಯಂತ್ರಕ್ಕೆ ಇಂಥ ದೋಷ ಬರುವುದಿಲ್ಲ!

ಸೆನ್ಸರ್ ಬದಲಿಸಿದೆ. ಮರುದಿನವೂ ನೂರನಾಲ್ಕು. ಕರೆಂಟನ್ನು ಹಾಕಿ ತೆಗೆಯುವ ರಿಲೇ ಬದಲಿಸಿದೆ. ನೂರನಾಲ್ಕು. ವೈರುಗಳಿಗೆ ಚಪಾತಿ ಸುತ್ತುವ ಫಾಯಿಲ್ ಸುತ್ತಿದೆ. ಮನೆ ಕಾಯಿಸುವ ಫರ್ನೇಸನ್ನು ಶಂಕಿಸಿದೆ, ಕರೆಂಟ್ ಕಂಪನಿಯನ್ನು ಶಂಕಿಸಿದೆ, ಎದುರು ಮನೆಯ ಗರಾಜಿನಲ್ಲಿ ವೆಲ್ಡಿಂಗ್ ಮಾಡುವ ಮುದುಕನನ್ನು ಶಂಕಿಸಿ, ಹಿಮದಲ್ಲಿ ಹೂತುಕೊಂಡು ಹೋಗಿ ಹಗಲಿನಲ್ಲಿ ವೆಲ್ಡಿಂಗ್ ಮಾಡಬೇಡಿ ಎಂದು ಬೇಡಿಕೊಂಡೆ. ಆತ ಫ್ಲಾರಿಡಾದಲ್ಲಿದ್ದಾನೆಂದು ಅವನ ಮಗಳು ಹೇಳಿದಳು. ಒಂದೇ ಸಮಾಧಾನವೆಂದರೆ ನನ್ನ ಕೈಕೆಲಸ. ಸಂಜೆ ನೋಡಿದಾಗಲೆಲ್ಲ ಸೆನ್ಸರಿನ ಮೇಲಿನ ಟೇಪು ನಾನು ನೆನಪಿಟ್ಟುಕೊಂಡದ್ದಕ್ಕಿಂತ ನೆಟ್ಟಗೆ, ಅಚ್ಚುಕಟ್ಟಾಗಿ ಕಾಣುತ್ತಿತ್ತು. ‘ಎಷ್ಟೇ ಆಗಲಿ ಪಳಗಿದ ಕೈ!’ ಎಂದುಕೊಂಡೆ.

ಶನಿವಾರ ಬಂತು. ದಿನವಿಡೀ ಅದರೆದುರು ಸೋಲ್ಡರಿಂಗ್ ಕಡ್ಡಿ ಹಿಡಿದು ಕುಳಿತೆ. ಅರವತ್ತಾರು. ಭಾನುವಾರವೂ ಅರವತ್ತಾರು. ಸೋಮವಾರ ನಾನು ಹೋದದ್ದೇ ತಡ, ನೂರನಾಲ್ಕು!

“ಕಲ್ಮೇಶ್, ಈ ದೋಷ ಶನಿವಾರ ಭಾನುವಾರ ರಜೆ ಹಾಕುತ್ತೆ ಕಣೋ!”

“ಒಳ್ಳೇ ಕಂಪನ್ಯಾಗ ಐತಿ,” ಎಂದ ಅವನು.

“ತಮಾಷೆ ಸಾಕು. ಒಬ್ಬ ಡಾಕ್ಟರಾಗಿ ಹೇಳು.”

“ಡಾಕ್ಟರಾಗಿ ಹೇಳಬೇಕಂದ್ರ, ಪೇಶಂಟ್‌ಗೆ ಏನೂ ಆಗಿಲ್ಲ. ನಿನ್ನ ಬಿ.ಪಿ. ನೋಡೂಣು ಬಾ.”

ಊಟದ ಮೇಜಿನಲ್ಲಿ ಅತ್ತೆ ಕನಿಕರದಿಂದ ಕೇಳಿದರು. “ಮಷಿನ್ ಕೆಟ್ಟೈತೇನವಾ?”

“ಸ್ವಲ್ಪ, ಅತ್ತೆ.”

“ನನಗೇನ ಚಲೋನ ನಡದಂಗ ಕಾಣತೈತಿ.”

ಪಾಪ, ತಿಳಿಯದ ಜೀವ ಎಂದುಕೊಂಡು ನಾನು ಅನ್ನಕ್ಕೆ ಇನ್ನೊಂದು ಸೌಟು ಮೊಸರು ಹಾಕಿಸಿಕೊಂಡೆ. ಗಟ್ಟಿ ಮೊಸರು. ಸೌಟು ನೆಟ್ಟರೆ ನಿಲ್ಲುವಂಥದ್ದು. ಶನಿವಾರ ಭಾನುವಾರ ಮಾತ್ರ ಮತ್ತೆ ಅದೇ ಸುಣ್ಣ ಬಂದಿತ್ತು. ಏಕೆಂದು ಕೇಳುವಷ್ಟು ಬಿಡುವು ನನಗಿರಲಿಲ್ಲ. ನಾನು ದೋಷ ಹುಡುಕುತ್ತಿದ್ದೆ.

ಕಡೆಗೆ ಬ್ರಹ್ಮಾಸ್ತ್ರ ತೆಗೆದೆ. ತೊಂಬತ್ತು ಡಿಗ್ರಿ ಮುಟ್ಟಿದ ಕೂಡಲೆ ಬಿಸಿ ಪಟ್ಟಿಯ ಕರೆಂಟನ್ನೇ ಕಡಿದು ಹಾಕಬೇಕೆಂದು ಹೊಸ ಕೋಡ್ ಬರೆದೆ. ಮರುದಿನ ದಾಖಲೆ ನೋಡಿದರೆ, ಗೆರೆ ತೊಂಬತ್ತಕ್ಕೆ ಹತ್ತಿ, ತಲೆಗೆ ಏಟು ಬಿದ್ದವರಂತೆ ಕೆಳಗಿಳಿದಿತ್ತು. ಗೆದ್ದೆ! ಕಾರ್ಖಾನೆಯ ಪಾರ್ಕಿಂಗ್ ಲಾಟಿನಲ್ಲೇ ಒಬ್ಬಳೇ ಚಪ್ಪಾಳೆ ತಟ್ಟಿದೆ. ಮನೆಗೆ ಬಂದು ಕೈಕಾಲು ತೊಳೆದು ಊಟಕ್ಕೆ ಕುಳಿತೆ. ಅತ್ತೆ ಮುಖ ಗಂಟಿಕ್ಕಿ ಪಾತ್ರೆಯನ್ನು ನನ್ನ ಮುಂದೆ ಬಗ್ಗಿಸಿದರು. ಬಿಳಿ ನೀರು ತಟ್ಟೆಯ ತುಂಬ ಹರಿಯಿತು.

“ಈಗ ಕೆಟ್ಟೈತಿ ನೋಡು ನಿನ್ನ ಮಷಿನ್ನು! ನಿನ್ನಿ ತನಕ ಚಲೋ ಇತ್ತು. ನೀ ರಿಪೇರಿ ಮಾಡಿದ್ದಕ್ಕ ಕೆಟ್ಟೈತಿ.”

ಕಲ್ಮೇಶ್ ತುತ್ತನ್ನು ಅರ್ಧ ದಾರಿಯಲ್ಲಿ ನಿಲ್ಲಿಸಿದ. ನಾನು ಪಾತ್ರೆಯತ್ತ ಬೆರಳು ಮಾಡಿದೆ.

“ಅತ್ತೆ... ನೀವು ಅದರಲ್ಲಿ ಮೊಸರು ಇಡ್ತಿದ್ರಾ?”

“ನೀನs ಹೇಳಿದ್ದಿಯಲ್ಲವಾ, ಒಳಗಿಟ್ಟದ್ದನ್ನ ಹೇಳಿದಷ್ಟು ಬೆಚ್ಚಗ ಕಾಯತೈತಿ ಅಂತ? ನೀ ಹ್ವಾದ ಮ್ಯಾಲೆ ಆ ಪಟ್ಟಿ, ಆ ವೈರು ಬಿಚ್ಚಿ ನನ್ನ ಪಾತೇಲಿಗೆ ಕಟ್ಟತಿದ್ದೆ. ಬಾಣ ಒತ್ತಿ ನೂರಾನಾಕಕ್ಕ ಏರಸತಿದ್ದೆ. ನೀ ಬರೂದ್ರಾಗ ಮತ್ತ ಹೆಂಗಿತ್ತೋ ಹಂಗ ಕಟ್ಟಿ, ಟೇಪ್ ಹಚ್ಚಿ, ಅರವತ್ತಾರಕ್ಕ ತರತಿದ್ದೆ. ಆಫೀಸಿಂದು, ನಾಳೆ ನಿನಗೊಂದು ಮಾತು ಬರಬಾರದು ನೋಡು.”

“ನೂರನಾಲ್ಕು ಅಂತ ಯಾರು ಹೇಳಿಕೊಟ್ರು?”

ಅತ್ತೆ ಕಿರುಬೆರಳು ಎತ್ತಿ ತೋರಿಸಿದರು. “ಇದು.”

ತಾಪಮಾನವನ್ನು ದಾಖಲಿಸಿದ್ದೆ, ಕರೆಂಟನ್ನು ದಾಖಲಿಸಿದ್ದೆ, ಫ್ರಿಜ್ಜಿನ ಕಂಪ್ರೆಸರಿನ ಉಸಿರಾಟವನ್ನೂ ದಾಖಲಿಸಿದ್ದೆ. ಯಾರಾದರೂ ಬಾಣ ಒತ್ತಿ ಗುರಿಯನ್ನೇ ಬದಲಿಸಿಯಾರು ಎಂದು ಮಾತ್ರ ನನಗೆ ಹೊಳೆದಿರಲಿಲ್ಲ. ಎಂದರೆ, ಯಂತ್ರ ಒಂದು ದಿನವೂ ಕೆಟ್ಟಿರಲಿಲ್ಲ! ಹೇಳಿದ್ದನ್ನು ಅಕ್ಷರಶಃ ಪಾಲಿಸಿತ್ತು. ದುಃಖದ ನಡುವೆಯೂ ನನ್ನ ಎದೆ ಒಂದಿಂಚು ಉಬ್ಬಿತೆಂದು ಒಪ್ಪಿಕೊಳ್ಳಬೇಕು.

ಆದರೆ ಯೀಸ್ಟಿನ ಪಾಲಿಗೆ ಕಾಲ ಮಿಂಚಿತ್ತು. ಮುಚ್ಚಿದ ಫ್ರಿಜ್ಜಿನಲ್ಲಿ ಬಿಸಿ ಮೊಸರಿನ ಪಕ್ಕ ಕುಳಿತು, ಹಗಲು ಏಪ್ರಿಲ್ ರಾತ್ರಿ ಡಿಸೆಂಬರ್ ಎಂದು ಎರಡು ವಾರ ಕಳೆದಿತ್ತು ಅದು. ಏನಾದರಾಗಲಿ ಎಂದು ಬಾಟಲಿಗೆ ತುಂಬಿದೆ. ಹಳೆಯ ಕೋಡನ್ನು ವಾಪಸು ಹಾಕಿ, ಖಾಲಿಯಾದ ಯಂತ್ರವನ್ನು ಅತ್ತೆಗೆ ಒಪ್ಪಿಸಿದೆ.

ಕೆಲವು ವಾರಗಳ ನಂತರ ದೇವೇಂದ್ರ ತನ್ನ ಹೆಂಡತಿ ಪದ್ಮಳೊಂದಿಗೆ ಬಂದ. ಅತ್ತೆ ಪದ್ಮಳೊಡನೆ ಒಳಗೆ ರೊಟ್ಟಿ ಬಡಿಯುವಾಗ ನಾವು ಮೂವರು ಗರಾಜಿನಲ್ಲಿ ಕೋಟು ತೊಟ್ಟು, ಕಳ್ಳರಂತೆ ಬಾಟಲಿ ತೆರೆದೆವು. ದೇವೇಂದ್ರ ಒಂದು ಗುಟುಕು ಕುಡಿದ. ಛಾವಣಿ ನೋಡಿದ.

“ವೈನಿ, ಇದನ್ನ ಹಣ್ಣಾದ ಬಾಳೆಹಣ್ಣಿನ ಕಷಾಯ ಅಂತ ಮಾರಿದ್ರ ನಡೀತೈತಿ.”

“ಇನ್ನೊಂದು ಗುಟುಕು...”

“ಕಲ್ಮೇಶ, ನಿನ್ನ ಗುಲಾಬಿ ಗಿಡ ಎಲ್ಲಿ ಐತಿ?”

ಮುನ್ನೂರು ಮೈಲಿಯ ಒಂದೊಂದು ಗುಂಡಿಯೂ ನನ್ನ ಕಣ್ಣ ಮುಂದೆ ಹಾದುಹೋಯಿತು. ತಲೆ ತಗ್ಗಿಸಿ ಊಟಕ್ಕೆ ಹೋದೆ. ಅತ್ತೆ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ ಬಡಿಸಿ, ಕಡೆಗೆ ಹಸಿಶುಂಠಿ ಕರಿಬೇವಿನ ಒಗ್ಗರಣೆ ಬಿದ್ದ ಮಜ್ಜಿಗೆ ತಂದರು. ದೇವೇಂದ್ರ ಒಂದು ಗ್ಲಾಸು ಗಟಗಟ ಕುಡಿದು ಇಳಿಸಿದ. ಎರಡನೆಯದನ್ನೂ ಬರಿದು ಮಾಡಿದ. ಕಣ್ಣು ಮುಚ್ಚಿ ಮತ್ತೊಂದು ಮುಗಿಸಿದ.

“ಅವ್ವಾರ, ಇಂಥಾ ಮಜ್ಜಿಗಿ ಕುಡದು ಎಷ್ಟ ವರ್ಷ ಆಗಿತ್ತು! ಈ ಥಂಡ್ಯಾಗ ಮಸರ ಹೆಂಗ ಹೆಪ್ಪಾತು?”

“ನಮ್ಮ ಸೊಸಿ ಮಷಿನ್ನಿಂದಪ್ಪಾ!” ಎಂದರು ಅತ್ತೆ, ಧಾರವಾಡಕ್ಕೇ ಕೇಳುವಂತೆ.

ಪದ್ಮ ಗಂಡನತ್ತ ತಿರುಗಿದಳು.

“ಏನ್ರೀ, ಅದು ಎಷ್ಟನೇ ಗ್ಲಾಸು?”

“ಮೂರು,” ಎಂದ ದೇವೇಂದ್ರ, ಖಾಲಿ ಗ್ಲಾಸನ್ನು ನೋಡುತ್ತ.

“ಮನಸಾರೆ?”

ಅವನು ಗ್ಲಾಸು ಕೆಳಗಿಟ್ಟ. ಮೀಸೆಯ ಮೇಲೆ ಕರಿಬೇವಿತ್ತು.

“ಹಾಗಾದ್ರೆ ಯುಗಾದಿಗೆ ನಾವೇ ಬರ್ತೀವಿ, ವಿನಿತಾ. ಮತ್ತೆ ಲೊಂಬಾರ್ಡ್‌ಗೂ ಅಂಥದ್ದೊಂದು ಮಷಿನ್ ಬೇಕು ನನಗೆ!”

ನಾನು ಉಬ್ಬಿದ ಬಗೆಯನ್ನು ಹೇಗೆ ವರ್ಣಿಸಲಿ! ರಾಜ್ಯ ಗೆದ್ದವಳಂತೆ ಕುರ್ಚಿಗೆ ಒರಗಿದೆ. ಗೆದ್ದ ಹುಮ್ಮಸ್ಸಿನಲ್ಲೇ ಅತ್ತೆಯತ್ತ ತಿರುಗಿ, “ಅತ್ತೆ, ಸೋಮವಾರದಿಂದ ಎರಡು ವಾರ ಮಷಿನ್ ನನಗೆ ಬೇಕು. ಆಫೀಸಿನಲ್ಲಿ ಎರಡನೇ ಹಂತದ ಟೆಸ್ಟಿಂಗ್,” ಎಂದೆ.

ಅತ್ತೆ ನನ್ನ ಗ್ಲಾಸಿಗೂ ಮಜ್ಜಿಗೆ ಸುರಿದರು.

“ಬೀರು ಮಾಡೂದಿದ್ದರ ಮದ್ಲ ನನ್ನ ಕೇಳಬೇಕವಾ. ಸೋಮವಾರದಿಂದ ಶುಕ್ರವಾರ ಮಷಿನ್ ಖಾಲಿ ಇರಂಗಿಲ್ಲ. ಶನಿವಾರ, ರವಿವಾರ ನಿಂದು, ತಗೋ.”