ಹಾಲಿನ ಹೊತ್ತಿಗೆ ಹಗ್ಗಜಗ್ಗಾಟ

ನಮ್ಮೂರಿನ ಕ್ರೀಡೆಗೆ ಮಹಿಳಾ ಸಮಾನತೆ ತಂದವನು ನಾನೇ. ಅದು ಭಾನುವಾರ ಸಂಜೆ ಐದೂವರೆಗೆ ಸರಿಯಾಗಿ ಬರಬೇಕಿತ್ತು.

ನಾನು ಮೈಸೂರು ಮೈನ್ಸ್ ಚಿನ್ನದ ಗಣಿಯಲ್ಲಿ ಪಾಳಿಯ ಹಾಜರಿ ಬರೆಯುತ್ತಿದ್ದವನು. ಸೈರನ್ ಕೂಗುವ ಮೊದಲೇ ಕುರ್ಚಿಯಲ್ಲಿರುತ್ತಿದ್ದೆ. ಗಣಿ ಮುಚ್ಚಿತು, ನನ್ನ ಗಡಿಯಾರ ಮುಚ್ಚಲಿಲ್ಲ. ಬೂದಿಕೋಟೆ ರಸ್ತೆಯ ನಮ್ಮ ಹಳ್ಳಿಯಲ್ಲಿ ಕ್ರೀಡಾಕೂಟವೆಂದರೆ ವೇಳಾಪಟ್ಟಿಯೂ ನನ್ನದೇ, ಸೀಟಿಯೂ ನನ್ನದೇ.

ಹೋದ ವರ್ಷ ಹೆಂಗಸರ ಹಗ್ಗಜಗ್ಗಾಟ ಸಮಯದ ಅಭಾವದಿಂದ ರದ್ದಾಗಿತ್ತು. ಗಂಡಸರ ಕಬಡ್ಡಿಗೆ ಮೂರು ಗಂಟೆ, ಮುಖ್ಯ ಅತಿಥಿಗಳ ಭಾಷಣಕ್ಕೆ ಒಂದೂವರೆ ಗಂಟೆ ಕೊಟ್ಟ ಮೇಲೆ ಸಮಯವನ್ನು ಎಲ್ಲಿಂದ ತರುವುದು? ಈ ಸಲ ಕಬಡ್ಡಿಯನ್ನು ಒಂದೂವರೆ ಗಂಟೆಗೆ ಇಳಿಸಿ ಹೆಂಗಸರಿಗೆ ಇಪ್ಪತ್ತು ನಿಮಿಷ ದಯಪಾಲಿಸಿದೆ. ಗೆದ್ದವರು ಬಂಗಾರಪೇಟೆಯ ತಾಲ್ಲೂಕು ಪಂದ್ಯಕ್ಕೆ! ಎಲ್ಲವನ್ನೂ ಅಚ್ಚು ಹಾಕಿಸಿ ಹಾಲಿನ ಡೇರಿಯ ಗೋಡೆಗೆ ಅಂಟಿಸಿದೆ.

ನಮ್ಮೂರ ತಂಡದ ನಾಯಕಿ ನನ್ನ ಹೆಂಡತಿ ಮುನಿಯಮ್ಮ. ಒಂದು ತಿಂಗಳಿಂದ ಹುಣಸೆ ಮರಕ್ಕೆ ಹಗ್ಗ ಕಟ್ಟಿ ಎಳೆದು ಅಂಗೈಯೆಲ್ಲ ಬೊಬ್ಬೆಯಾಗಿತ್ತು. ವೇಳಾಪಟ್ಟಿ ಓದಿ ನೇರ ಮನೆಗೆ ಬಂದಳು.

"ಐದೂವರೆಗಾ? ಆಗ್ಲೇ ಅಲ್ವಾ ಡೇರಿಗೆ ಆಲು ಆಕೋದು? ನಿಮ್ಮ ಮುಖ್ಯ ಅತಿಥಿ ಬಂದು ಆಲು ಕರೀತಾರಾ?"

ನನಗೆ ಆರು ಗಂಟೆಗೆ ಕಾಫಿ ಬರುತ್ತಿತ್ತು. ಅದರ ಹಿಂದೆ ಒಂದು ಹಸು ಇದೆಯೆಂಬುದು ಈವರೆಗೆ ನನ್ನ ಗಮನಕ್ಕೆ ತರಲಾಗಿರಲಿಲ್ಲ.

"ಮೂರಕ್ಕೆ ಇಡಿ ನಮ್ದು," ಎಂದಳು.

"ಮೂರಕ್ಕೆ ಗಂಡಸರ ಕಬಡ್ಡಿ."

"ಅವರ್ನ ಐದೂವರೆಗೆ ಆಡಿಸಿ. ಆವಾಗ ಅವ್ರಿಗೇನ್ ಕೆಲ್ಸ ಐತೆ?"

ನಾನು ಗಡಿಯಾರ ನೋಡಿಕೊಂಡೆ. "ಅಚ್ಚಾದದ್ದು ಬದಲಾಗೋದಿಲ್ಲ. ನೀನು ಹಗ್ಗ ಎಳಿ, ಹಾಲು ನಾನು ಕರೀತೀನಿ!" ಎಂದುಬಿಟ್ಟೆ.

ಮುನಿಯಮ್ಮ ಪಕ್ಕದ ಮನೆಯಲ್ಲಿದ್ದ ತಂಡದ ಗೆಳತಿಗೆ ಕೂಗಿದಳು. "ನಾರಾಯಣಕ್ಕಾ, ಕೇಳುದ್ಯಾ? ಇವ್ರು ಆಲು ಕರೀತಾರಂತೆ!"

"ಅಂಗಾದ್ರೆ ಅಗ್ಗ ಬುಡು ಕಣಕ್ಕಾ, ಇದ್ನೇ ನೋಡಾನ!" ಎಂದು ಆ ಕಡೆಯಿಂದ ಬಂತು.

ತಂಡದ ಉಳಿದ ಮನೆಗಳ ಗಂಡಸರಿಗೂ ಅದೇ ಆಜ್ಞೆ ಹೊರಟಿತು. ಊರಲ್ಲಿ ನನ್ನನ್ನು ಬೈಯದ ಗಂಡಸು ಉಳಿಯಲಿಲ್ಲ.

ಭಾನುವಾರ ಮೈದಾನಕ್ಕೆ ಹೊರಡುವಾಗ ಮುನಿಯಮ್ಮ ಹೇಳಿದಳು: "ನನ್ನ ಅಳೇ ಸೀರೆ ಒದ್ಕೊಳ್ಳಿ. ನನ್ನ ವಾಸ್ನೆ ಬಂದ್ರೇನೇ ಅದು ಆಲು ಬಿಡೋದು." ಘನತೆಯುಳ್ಳ ಮನುಷ್ಯ ಇಂಥದ್ದನ್ನೆಲ್ಲ ಕಿವಿಗೆ ಹಾಕಿಕೊಳ್ಳುತ್ತಾನೆಯೇ?

ಕಬಡ್ಡಿ ಮುಗಿಸಿ ಮನೆಗೆ ಬಂದು ಐದಕ್ಕೆ ಹಸುವಿನ ಪಕ್ಕ ಕೂರುವುದು, ಐದೂಕಾಲಿಗೆ ಮುಗಿಸುವುದು, ಐದೂವರೆಗೆ ಸೀಟಿ ಊದುವುದು. ಲೆಕ್ಕ ಸರಿಯಾಗಿಯೇ ಇತ್ತು. ಹಸುವನ್ನು ಕೇಳಿರಲಿಲ್ಲ.

ಅದು ಮೊದಲು ನನ್ನನ್ನು ಮೂಸಿತು. ಆಮೇಲೆ ಬಕೆಟ್ಟನ್ನು ಒದ್ದಿತು. ಮೂರನೆಯ ಒದೆತಕ್ಕೆ ಬಕೆಟ್ ಸಿಗಲಿಲ್ಲ, ನಾನು ಸಿಕ್ಕೆ! ಕೊನೆಗೆ ಘನತೆಯನ್ನು ಗೂಟಕ್ಕೆ ಕಟ್ಟಿ ಸೀರೆಯನ್ನು ತಲೆತುಂಬ ಹೊದ್ದೆ. ಹಾಲು ಇಳಿಯಿತು. ಅಷ್ಟರಲ್ಲಿ ಮೈಕು ಕೂಗಿತು: "ಸೀಟಿ ಊದುವ ಹಿರಿಯರು ಎಲ್ಲಿದ್ದರೂ ಬರಬೇಕು! ಬೆಳಕು ಹೋದರೆ ಈ ಸಲವೂ ಹೆಂಗಸರ ಪಂದ್ಯ ರದ್ದು!"

ಬಕೆಟ್ ಇಟ್ಟು ಓಡಿದೆ. ಮೈದಾನಕ್ಕೆ ಕಾಲಿಟ್ಟಾಗ ಗಂಟೆ ಆರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇಷ್ಟೊಂದು ಗೌರವ ಏಕೆಂದು ನನಗೆ ಅರ್ಥವಾಗಲಿಲ್ಲ.

ಎದುರಾಳಿಗಳು ಪ್ಯಾಕೆಟ್ ಹಾಲು ಕೊಳ್ಳುವ ಮಾರಿಕುಪ್ಪಂ ಗಣಿ ಕಾಲೋನಿಯ ಹೆಂಗಸರು. ಒಬ್ಬಾಕೆ ಕೂಗಿದಳು: "ತಾತಾ, ಸೀರೆ ಸೂಪರ್!"

ಸೀರೆ ಇನ್ನೂ ತಲೆಯ ಮೇಲೇ ಇತ್ತು! ನಮ್ಮ ತಂಡದಲ್ಲಿ ಮಾತ್ರ ಯಾರೂ ನಗಲಿಲ್ಲ. ಹಸುವಿನ ವಿಷಯ ಅವರಿಗೆ ಗೊತ್ತಿತ್ತು. ಮುನಿಯಮ್ಮ ಹಗ್ಗದ ತುದಿಯನ್ನು ಸೊಂಟಕ್ಕೆ ಸುತ್ತಿಕೊಂಡು, "ಊದ್ರಿ ಬೇಗ, ಬೆಳಕು ಓಗ್ತೈತೆ!" ಎಂದಳು. ಊದಿದೆ. ಎರಡೇ ಎಳೆತ. ಪಂದ್ಯ ಮುಗಿಯಿತು.

ಮುಂದಿನ ಭಾನುವಾರ ಗೆದ್ದ ನಮ್ಮ ತಂಡ ಬಂಗಾರಪೇಟೆಗೆ ಹೊರಟಿತು. ಸಂಜೆ ಡೇರಿಯ ಸಾಲಿನಲ್ಲಿ ಬರೀ ಗಂಡಸರು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ನನ್ನ ಹಾಲನ್ನು ಪರೀಕ್ಷೆ ಮಾಡಿದ ಡೇರಿ ಕಾರ್ಯದರ್ಶಿ ಹುಬ್ಬು ಗಂಟಿಕ್ಕಿದ. "ಯಜಮಾನ್ರೇ, ನೀರು ಸೇರೈತೆ."

"ನೀರಲ್ಲಪ್ಪಾ, ಬೆವರು!" ಎಂದೆ. ಅವನು ಒಪ್ಪಲಿಲ್ಲ. ಕ್ಯಾನು ವಾಪಸ್ ಬಂತು.

ಅದನ್ನು ಹೊತ್ತು ಮನೆ ಸೇರುವಷ್ಟರಲ್ಲಿ ಫೋನ್ ಬಂತು. ಹಿಂದೆ ಹೆಂಗಸರ ಕೇಕೆ.

"ರೀ, ಗೆದ್ವಿ! ಫೈನಲ್‌ನಾಗೂ ಗೆದ್ವಿ! ಅಲ್ಲಿ ಆಲಿನ ಕತೆ ಏನಾಯ್ತು?"

"ಮೊದಲನೇ ಸುತ್ತಲ್ಲೇ ಔಟು," ಎಂದೆ.